ಈ ಫೋನು ಯಾತಕ್ಕೆ?



*ದಿನದ ಧಮ್ಮ ಚಿಂತನೆ*
ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಅಧ್ಯಯನ ಬಳಗ

ಧಮ್ಮ ಬಂಧುಗಳೇ,

ಇವತ್ತಿನ ಚಿಂತನೆ ಸ್ವಲ್ಪ ಉದ್ದ ಇದೆ. ಬಿಡುವು ಮಾಡಿಕೊಂಡು ಪೂರ್ತಿ ಓದಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರ ಜೊತೆ ಕೂತು ಓದಿದರೆ ಇನ್ನೂ ಒಳ್ಳೆಯದು.

*ಒಂದು ಮನೆಯ ಸಂಗತಿ*

ಬೇರೆ ಯಾರ ಮನೆಯದೂ ಅಲ್ಲ, ನಮ್ಮ ಮನೆಯದೇ. ನಮ್ಮ ಅಕ್ಕ ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾಳೆ. ಭಾವ ತೀರಿಕೊಂಡು ಆರು ವರ್ಷವಾಯಿತು. ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಾಳೆ, ಉಳಿದ ದಿನ ಸಿಕ್ಕ ಕೂಲಿ. ಒಬ್ಬನೇ ಮಗ. ದಿನಾ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಬಂದು ಬಿ.ಕಾಂ. ಓದುತ್ತಾನೆ.

ಕಳೆದ ವರ್ಷ ಅಕ್ಕ ಒಂದು ಹಸು ತರೋಣ ಎಂದು ಬ್ಯಾಂಕಿಗೆ ಸಾಲ ಕೇಳಲು ಹೋದಳು. ಜೊತೆಗೆ ನಾನೂ ಇದ್ದೆ. ಅಲ್ಲಿಯ ಸಿಬ್ಬಂದಿ ಕಂಪ್ಯೂಟರ್ ನೋಡಿ, "ಅಮ್ಮಾ, ನಿಮ್ಮ ಹೆಸರಲ್ಲಿ ಮೊಬೈಲ್ ಸಾಲ ಇದೆ. ಮೂರು ಕಂತು ಬಾಕಿ. ಸಿಬಿಲ್ ಕೆಟ್ಟಿದೆ. ಅದನ್ನ ತೀರಿಸಿಕೊಂಡು ಬನ್ನಿ" ಅಂದರು.

ಅಕ್ಕ ಕೈಯಲ್ಲಿದ್ದ ತನ್ನ ಫೋನನ್ನೇ ನೋಡಿಕೊಂಡಳು. ಅದು ಅಂಕಿಗಳು ಸವೆದುಹೋದ ಕೀಪ್ಯಾಡ್ ಫೋನು. "ಮಗ ಕಾಲೇಜಿಗೆ ಬೇಕು ಅಂದ, ಆಧಾರ್ ಕೊಟ್ಟು ಸೈನ್ ಹಾಕಿದ್ದೆ. ಕಟ್ತಾ ಇದಾನೆ ಅಂದ್ಕೊಂಡಿದ್ದೆ" ಅಂದಳು. ಅರ್ಜಿಯಲ್ಲಿ ಅವನು ತನ್ನದೇ ನಂಬರು ಕೊಟ್ಟಿದ್ದರಿಂದ ತಗಾದೆಯ ಕರೆಗಳೆಲ್ಲ ಅವನಿಗೇ ಬರುತ್ತಿದ್ದವು. ಹಸು ಬರಲಿಲ್ಲ.

ಆ ದಿನ ಸಂಜೆ ಹುಡುಗನನ್ನು ಕೂರಿಸಿಕೊಂಡು ಮಾತಾಡಿದೆ. ಬೈಯಬಾರದು, ಕೇಳಬೇಕು ಎಂದು ಮನಸ್ಸು ಮಾಡಿಕೊಂಡಿದ್ದೆ. ಅವನು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

"ಮಾವ, ಹದಿನೈದು ಸಾವಿರದ್ದು ತಗೋಬೇಕು ಅಂತಲೇ ಅಂಗಡಿಗೆ ಹೋಗಿದ್ದೆ. ಅವರು ಇನ್ನು ಮೂರು ಸಾವಿರ ಹಾಕಿದ್ರೆ ಕ್ಯಾಮೆರಾ ಚೆನ್ನಾಗಿರೋದು ಬರುತ್ತೆ ಅಂದ್ರು. ಅದನ್ನ ನೋಡ್ತಿರುವಾಗ, ಈಗ ಹುಡುಗ್ರು ಎಲ್ಲಾ ಇದನ್ನೇ ತಗೋತಿರೋದು ಅಂತ ಇನ್ನೊಂದು ತೋರಿಸಿದ್ರು. ಇಪ್ಪತ್ನಾಲ್ಕು ಸಾವಿರ. ತಿಂಗಳಿಗೆ ಬರೀ ಸಾವಿರದ ಏಳ್ನೂರು ಅಂದ್ರು. ನಮ್ಮ ಕ್ಲಾಸಲ್ಲಿ ಮೂರು ಜನರ ಹತ್ರ ಅದೇ ಇತ್ತು."

ಈ ನಾಲ್ಕು ಮಾತಿನಲ್ಲಿ ಇವತ್ತಿನ ಪಾಠ ಪೂರ್ತಿ ಇದೆ. ಬೆಲೆ ಮತ್ತು ಜನಪ್ರಿಯತೆ, ಎರಡೂ ಸೇರಿ ಒಬ್ಬ ಹುಡುಗನನ್ನು ಹದಿನೈದರಿಂದ ಇಪ್ಪತ್ನಾಲ್ಕಕ್ಕೆ ಹತ್ತಿಸಿದವು. ಅವನಿಗೆ ಬೇಕಿದ್ದ ಕೆಲಸ ಮಾತ್ರ ಇದ್ದಲ್ಲೇ ಇತ್ತು.

*ಬೆಲೆ ಹೇಗೆ ಎಳೆಯುತ್ತದೆ?*

ಬೆಲೆ ಎರಡು ರೀತಿ ಕೆಲಸ ಮಾಡುತ್ತದೆ. ಒಂದು, ನಮ್ಮ ಜೇಬಿಗೆ ಮಿತಿ ಹಾಕುತ್ತದೆ. ಇದು ಒಳ್ಳೆಯದೇ. ಇನ್ನೊಂದು, ನಮ್ಮನ್ನು ಸಾಲಿನಲ್ಲಿ ನಿಲ್ಲಿಸುತ್ತದೆ: ಇವನು ಹತ್ತು ಸಾವಿರದವನು, ಇವನು ಇಪ್ಪತ್ತರವನು, ಅವನು ಐಫೋನಿನವನು. ಬೆಲೆ ಹೆಚ್ಚು ಅನ್ನುವ ಕಾರಣಕ್ಕೇ ಒಂದು ವಸ್ತು ಬೇಕೆನಿಸುತ್ತದೆ ಎಂಬುದನ್ನು ಅಮೆರಿಕದ ಥಾರ್ಸ್ಟೈನ್ ವೆಬ್ಲೆನ್ 1899ರಲ್ಲೇ ತಮ್ಮ ಪುಸ್ತಕದಲ್ಲಿ ವಿವರಿಸಿದ್ದರು. 1950ರಲ್ಲಿ ಹಾರ್ವೆ ಲೈಬೆನ್‌ಸ್ಟೈನ್ ಎಂಬ ಅರ್ಥಶಾಸ್ತ್ರಜ್ಞ ಇದಕ್ಕೆ ಇನ್ನೆರಡನ್ನು ಸೇರಿಸಿ ಮೂರು ಬಗೆ ಗುರುತಿಸಿದರು: ಎಲ್ಲರೂ ಕೊಳ್ಳುತ್ತಾರೆ ಎಂದು ಕೊಳ್ಳುವುದು, ಎಲ್ಲರ ಹತ್ತಿರ ಇದೆ ಎಂದು ಅದನ್ನು ಬಿಟ್ಟು ಬೇರೆಯದು ಹುಡುಕುವುದು, ಬೆಲೆ ದೊಡ್ಡದು ಎಂದೇ ಕೊಳ್ಳುವುದು.

ಮೂರನ್ನೂ ನಮ್ಮ ಊರಿನ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ನಿಂತು ನೋಡಬಹುದು. ಮೂರರಲ್ಲೂ ಒಂದು ಸಮಾನ ಅಂಶ ಇದೆ. ಅಳೆಯುವ ಕೋಲು ನಮ್ಮ ಕೈಯಲ್ಲಿಲ್ಲ, ಪಕ್ಕದವರ ಕಣ್ಣಿನಲ್ಲಿದೆ.

*ಜನಪ್ರಿಯತೆ ಪೂರ್ತಿ ಸುಳ್ಳೇ?*

ಅಲ್ಲ. ಇಲ್ಲಿ ನ್ಯಾಯವಾಗಿ ಯೋಚಿಸಬೇಕು. ಹೊಸದುರ್ಗದಲ್ಲೋ ಹಿರಿಯೂರಿನಲ್ಲೋ ಇರುವ ಹುಡುಗಿ ಎಲ್ಲರ ಹತ್ತಿರ ಇರುವ ಕಂಪನಿಯ ಫೋನನ್ನೇ ತೆಗೆದುಕೊಂಡರೆ ಅದಕ್ಕೆ ಕಾರಣ ಇರುತ್ತದೆ. ಡಿಸ್‌ಪ್ಲೇ ಒಡೆದರೆ ಊರಿನಲ್ಲೇ ಸಿಗುತ್ತದೆ. ಕವರ್, ಗ್ಲಾಸ್ ಎಲ್ಲಾ ಅಂಗಡಿಯಲ್ಲೂ ಇರುತ್ತದೆ. ಏನಾದರೂ ಕೈಕೊಟ್ಟರೆ ಗೆಳತಿಯನ್ನು ಕೇಳಬಹುದು. ಇದು ಜನರ ಅನುಭವದಿಂದ ಬಂದ ತಿಳಿವಳಿಕೆ.

ಆದರೆ ಭಗವಾನರು ಕೇಸಪುತ್ತದ ಕಾಲಾಮರಿಗೆ ಹೇಳಿದ್ದನ್ನು ನೆನಪು ಮಾಡಿಕೊಳ್ಳಿ. ಕೇಳಿಬಂದ ಮಾತು, ಬಾಯಿಂದ ಬಾಯಿಗೆ ಬಂದದ್ದು ಎಂಬುದಷ್ಟಕ್ಕೇ ಯಾವುದನ್ನೂ ಒಪ್ಪಬೇಡಿ, ಅದರಿಂದ ಒಳಿತಾಗುತ್ತದೋ ಕೆಡುಕಾಗುತ್ತದೋ ನೀವೇ ಅರಿತು ನೋಡಿ ಎಂಬುದು ಅಲ್ಲಿಯ ಸಾರ. "ಎಲ್ಲರೂ ತಗೋತಿದಾರೆ" ಅನ್ನುವ ಮಾತನ್ನೂ ಹಾಗೇ ಪರೀಕ್ಷಿಸಬೇಕು. ಯಾಕೆ ತಗೋತಿದ್ದಾರೆ? ಒಂದು ವರ್ಷ ಬಳಸಿದವರು ಏನು ಹೇಳುತ್ತಾರೆ? ಉತ್ತರ ಸಿಕ್ಕರೆ ಅದು ತಿಳಿವಳಿಕೆ. "ಎಲ್ಲರೂ ತಗೋತಿದಾರೆ, ಅದಕ್ಕೇ" ಅನ್ನುವುದು ಬರೀ ಸುದ್ದಿ.

ಇನ್ನು ಈ ಜನಪ್ರಿಯತೆ ಎಷ್ಟು ದಿನದ್ದು? ನಮ್ಮ ವಯಸ್ಸಿನವರಿಗೆ ನೆನಪಿದೆ. ನೋಕಿಯಾ ಇಲ್ಲದವನು ಇಲ್ಲದವನೇ ಎಂಬ ಕಾಲ ಇತ್ತು. ಆಮೇಲೆ ಮೈಕ್ರೋಮ್ಯಾಕ್ಸ್, ಕಾರ್ಬನ್ ಬಂದವು. 2014ರಲ್ಲಿ ಶವೋಮಿ ಭಾರತಕ್ಕೆ ಬಂತು, ರೆಡ್ಮಿ ಎಲ್ಲರ ಬಾಯಲ್ಲಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಹಳ್ಳಿಹಳ್ಳಿಗೂ ಸ್ಮಾರ್ಟ್‌ಫೋನು ಹೊಕ್ಕಿತು. ಈಗ ವಿವೊ, ಒಪ್ಪೊ, ರಿಯಲ್‌ಮಿ, ಒನ್‌ಪ್ಲಸ್. ಅಂದು ನಾವು ಹೆಮ್ಮೆಯಿಂದ ಹಿಡಿದಿದ್ದ ಫೋನು ಇಂದು ಯಾವ ಡಬ್ಬಿಯಲ್ಲಿದೆಯೋ ಗೊತ್ತಿಲ್ಲ. ಅನಿಚ್ಚ ಅಂದರೆ ಏನು ಎಂದು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಸುಲಭದ ಉದಾಹರಣೆ ಬೇಡ.

*ಮನಸ್ಸಿನೊಳಗೆ ಏನು ನಡೆಯುತ್ತದೆ?*

ಪಟಿಚ್ಚ ಸಮುಪ್ಪಾದದ ನಾಲ್ಕು ಕೊಂಡಿಗಳನ್ನು ಮಾತ್ರ ನೋಡೋಣ: ಫಸ್ಸ, ವೇದನಾ, ತಣ್ಹಾ, ಉಪಾದಾನ.

ಗೆಳೆಯನ ಹೊಸ ಫೋನು ಕಣ್ಣಿಗೆ ಬಿತ್ತು. ಅದು ಫಸ್ಸ, ಸ್ಪರ್ಶ. ಒಳಗೆ ಚುರುಕ್ ಅಂದಿತು. ಅದು ವೇದನಾ. ನನಗೂ ಬೇಕು ಅನಿಸಿತು. ಅದು ತಣ್ಹಾ. ಅದಿಲ್ಲದೆ ಆಗುವುದೇ ಇಲ್ಲ ಎಂದು ಗಟ್ಟಿಯಾಗಿ ಹಿಡಿದದ್ದು ಉಪಾದಾನ. ಅಂಗಡಿಗೆ ಹೋಗುವ ಹೊತ್ತಿಗೆ ನಾಲ್ಕೂ ಮುಗಿದಿರುತ್ತವೆ. ಅಲ್ಲಿ ಉಳಿಯುವುದು ಸಹಿ ಮಾತ್ರ.

ಹುಡುಗನಿಗೆ ನಾನು ಕೇಳಿದೆ, "ಅಪ್ಪಿ, ಆ ಚುರುಕ್ ಅಂದದ್ದು ಆಸೆಯಾ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಮಾವ, ನಾಚಿಕೆ. ಗ್ರೂಪ್ ಫೋಟೊ ತೆಗೆಯುವಾಗ ಯಾರೂ ನನ್ನ ಫೋನಲ್ಲಿ ತೆಗಿ ಅಂತಿರಲಿಲ್ಲ. ನಾನೂ ಜೇಬಿಂದ ಹೊರಗೆ ತೆಗೀತಿರಲಿಲ್ಲ" ಅಂದ.

ತಣ್ಹಾ ಮೂರು ಬಗೆ ಎಂದು ನಾವು ಓದಿದ್ದೇವೆ. ಇಂದ್ರಿಯ ಸುಖದ ಬಯಕೆ ಕಾಮತಣ್ಹಾ. ಏನೋ ಒಂದು ಆಗಬೇಕು ಎಂಬ ಬಯಕೆ ಭವತಣ್ಹಾ. ಇರುವುದು ಇಲ್ಲವಾಗಲಿ ಎಂಬ ಬಯಕೆ ವಿಭವತಣ್ಹಾ. ಹಳೇ ಫೋನನ್ನು ಜೇಬಿನಲ್ಲಿ ಬಚ್ಚಿಡುವ ಹುಡುಗನಲ್ಲಿ ಕೊನೆಯ ಎರಡೂ ಕೆಲಸ ಮಾಡುತ್ತಿರುತ್ತವೆ: ನಾನು ಇನ್ನೊಬ್ಬ ಆಗಬೇಕು, ಈಗಿರುವ ನಾನು ಯಾರಿಗೂ ಕಾಣಬಾರದು. ಇದನ್ನು ತಿಳಿಯದೆ "ಈಗಿನ ಹುಡುಗರಿಗೆ ಆಸೆ ಜಾಸ್ತಿ" ಎಂದು ಬೈದರೆ ರೋಗ ಒಂದು, ಔಷಧಿ ಇನ್ನೊಂದು ಆಗುತ್ತದೆ.

*ಹಾಗಾದರೆ ಒಳ್ಳೆಯ ಫೋನು ಬೇಡವೇ?*

ಇಲ್ಲಿ ಎಚ್ಚರ ಬೇಕು, ಬಂಧುಗಳೇ. ಏನು ಉಡಬೇಕು, ಏನು ತೊಡಬೇಕು, ಯಾವ ಪಾತ್ರೆ ಹಿಡಿಯಬೇಕು ಎಂದು ಬೇರೆಯವರಿಂದ ಹೇಳಿಸಿಕೊಂಡು ಬಂದ ಜನ ನಾವು. 1927ರ ಡಿಸೆಂಬರ್‌ನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳಿಗೆ ಹೇಳಿದ್ದು ಇದನ್ನೇ: ಕೀಳು ಎಂದು ಗುರುತು ಹಿಡಿಯುವಂಥ ಉಡುಗೆ, ಒಡವೆಗಳನ್ನು ಬಿಡಿ, ಶುಚಿಯಾಗಿ, ಘನತೆಯಿಂದ ಉಡಿ. ಅವರೇ ಯಾವಾಗಲೂ ನೀಟಾಗಿ ಸೂಟು ತೊಟ್ಟು ಓಡಾಡಿದರು. ಧರ್ಮವು ಬಡತನವನ್ನು ಪವಿತ್ರ ಎಂದು ಹೊಗಳಬಾರದು ಎಂದು 1950ರ ತಮ್ಮ ಲೇಖನದಲ್ಲಿ ಸ್ಪಷ್ಟವಾಗಿ ಬರೆದರು.

ಆದ್ದರಿಂದ ನಮ್ಮ ಕೇರಿಯ ಹುಡುಗ ಒಳ್ಳೆಯ ಫೋನು ಹಿಡಿದರೆ ಅದು ಅಹಂಕಾರ ಎಂದು ತೀರ್ಪು ಕೊಡಲು ಯಾರಿಗೂ ಹಕ್ಕಿಲ್ಲ. ಫೋನು ಇವತ್ತು ಅನ್ನದಷ್ಟೇ ಅಗತ್ಯ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಅರ್ಜಿ, ಅದರ ಒಟಿಪಿ, ಕಾಲೇಜಿನ ನೋಟ್ಸು, ಫೋನ್‌ಪೇ, ಹೊಲದ ಬೆಳೆ ಸಮೀಕ್ಷೆ, ಎಲ್ಲವೂ ಅದರಲ್ಲೇ. 2020-21ರಲ್ಲಿ ಆನ್‌ಲೈನ್ ತರಗತಿ ನಡೆದಾಗ ಫೋನಿಲ್ಲದ ಮಕ್ಕಳು ಏನು ಕಳೆದುಕೊಂಡರು ಎಂಬುದನ್ನು ನಾವು ಕಂಡಿದ್ದೇವೆ.

ಪ್ರಶ್ನೆ ಇಷ್ಟೇ: ಆ ಫೋನು ನಮ್ಮ ಘನತೆಯನ್ನು ಹೆಚ್ಚಿಸಿತೋ, ಅಥವಾ ಹೊಸ ಒಡೆಯನೊಬ್ಬನ ಕೈಗೆ ನಮ್ಮನ್ನು ಕೊಟ್ಟಿತೋ?

*"ಬರೀ 1,700" ಎಂಬ ಮಾತಿನ ಲೆಕ್ಕ*

ಹುಡುಗನ ಕಾಗದಗಳನ್ನು ಮುಂದಿಟ್ಟುಕೊಂಡು ಇಬ್ಬರೂ ಲೆಕ್ಕ ಹಾಕಿದೆವು.

▪️ ಫೋನಿನ ಬೆಲೆ ₹24,000
▪️ ಕೈಯಿಂದ ಕಟ್ಟಿದ್ದು ₹6,000 (ವಿದ್ಯಾರ್ಥಿವೇತನದ ಹಣ)
▪️ ಸಾಲ ₹18,000
▪️ ಕಂತು ₹1,700 × 12 = ₹20,400
▪️ ಪ್ರೊಸೆಸಿಂಗ್ ಫೀ ₹600
▪️ ಒಟ್ಟು ₹27,000

ಅಂದರೆ ₹3,000 ಹೆಚ್ಚು. ಅದರಲ್ಲಿ ಬಡ್ಡಿ ₹2,400. ಹದಿನೆಂಟು ಸಾವಿರಕ್ಕೆ ಎರಡು ಸಾವಿರದ ನಾನೂರು ಅಂದರೆ ಶೇ 13 ಚಿಲ್ಲರೆ ಎಂದು ಕಾಣುತ್ತದೆ. ಆದರೆ ಪ್ರತಿ ತಿಂಗಳೂ ಅಸಲು ತೀರುತ್ತಾ ಬರುತ್ತದೆ, ಬಡ್ಡಿಯನ್ನು ಮಾತ್ರ ಪೂರ್ತಿ ಹದಿನೆಂಟು ಸಾವಿರದ ಮೇಲೆ ವರ್ಷವಿಡೀ ಹಾಕಿರುತ್ತಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಮಾಡಿದರೆ ನಿಜವಾದ ಬಡ್ಡಿ ವರ್ಷಕ್ಕೆ ಸುಮಾರು ಶೇ 24. ಬಿ.ಕಾಂ. ಓದುವ ಹುಡುಗ ಈ ಲೆಕ್ಕವನ್ನು ಪರೀಕ್ಷೆಯಲ್ಲಿ ಮಾಡಿದ್ದ, ಅಂಗಡಿಯಲ್ಲಿ ಮಾಡಿರಲಿಲ್ಲ! ಇದರ ಮೇಲೆ ಮೂರು ಕಂತಿನ ಬೌನ್ಸ್ ಶುಲ್ಕ ಬೇರೆ.

"ಬಡ್ಡಿಯೇ ಇಲ್ಲದ ಇಎಂಐ" ಎನ್ನುವುದನ್ನೂ ಹೀಗೇ ನೋಡಿ. ಸಾಮಾನ್ಯವಾಗಿ ಅದರಲ್ಲಿ ಬಡ್ಡಿ ಇರುತ್ತದೆ. ಅಷ್ಟು ಮೊತ್ತವನ್ನು ರಿಯಾಯಿತಿ ಎಂದು ಮೊದಲೇ ಕಳೆದಿರುತ್ತಾರೆ. ನಗದು ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಒಂದು ಮಾತು ಕೇಳಿ, ಆಗ ಗೊತ್ತಾಗುತ್ತದೆ.

ಅಂಗುತ್ತರ ನಿಕಾಯದ ಇಣ ಸುತ್ತದಲ್ಲಿ ಭಗವಾನರು ಗೃಹಸ್ಥನ ದುಃಖವನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತಾರೆ: ಬಡತನ, ಸಾಲ, ಬಡ್ಡಿ, ತಗಾದೆ, ಬೆನ್ನುಹತ್ತುವುದು, ಕೊನೆಗೆ ಬಂಧನ. ಎರಡೂವರೆ ಸಾವಿರ ವರ್ಷದ ಹಿಂದಿನ ಈ ಪಟ್ಟಿಯಲ್ಲಿ ನಮ್ಮ ಅಕ್ಕನ ಮನೆ ನಾಲ್ಕನೇ ಮೆಟ್ಟಿಲಿಗೆ ಬಂದಿತ್ತು. ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳುವಾಗಲೂ, ಸಂಪಾದಿಸಿದ್ದು ಇದೆ ಎಂಬ ಸುಖ, ಅದನ್ನು ಅನುಭವಿಸುವ ಸುಖದ ಜೊತೆಗೆ *ಅನಣ ಸುಖ*, ಅಂದರೆ ಯಾರಿಗೂ ಸಾಲಗಾರನಲ್ಲ ಎಂಬ ಸುಖವನ್ನೂ ಸೇರಿಸಿದರು. ನಾಲ್ಕನೆಯದು ಕಳಂಕವಿಲ್ಲದೆ ಬದುಕುವ ಸುಖ. ಅನುಭವಿಸುವುದು ತಪ್ಪು ಎಂದು ಅಲ್ಲಿ ಹೇಳಿಲ್ಲ. ಎರಡನೆಯ ಸುಖಕ್ಕಾಗಿ ಮೂರನೆಯದನ್ನು ಮಾರಿಕೊಳ್ಳಬಾರದು ಎಂಬುದನ್ನು ನಾವು ಅದರಿಂದ ಕಲಿಯಬಹುದು.

ಕೋಲಿಯರ ದೀಘಜಾಣುವಿಗೆ ಹೇಳಿದ್ದು ಇನ್ನೂ ಸರಳ. ತಕ್ಕಡಿ ಹಿಡಿದವನು ಎರಡೂ ತಟ್ಟೆ ನೋಡುವಂತೆ ಆದಾಯ, ವೆಚ್ಚ ಎರಡನ್ನೂ ನೋಡಿ ಬದುಕಬೇಕು. ಕಡಿಮೆ ಆದಾಯದಲ್ಲಿ ದೊಡ್ಡ ವೈಭವ ನಡೆಸುವವನನ್ನು ಅತ್ತಿ ಹಣ್ಣು ತಿನ್ನುವವನಿಗೆ ಹೋಲಿಸಿದ್ದಾರೆ. ನಾಲ್ಕು ಹಣ್ಣಿಗಾಗಿ ಮರ ಅಲುಗಿಸಿ ಎಲ್ಲವನ್ನೂ ನೆಲಕ್ಕೆ ಉದುರಿಸಿದ ಹಾಗೆ. ತುಂಬಾ ಇದ್ದೂ ಹೊಟ್ಟೆಗೆ ತಿನ್ನದೆ ಬದುಕುವುದನ್ನೂ ಅವರು ಮೆಚ್ಚಲಿಲ್ಲ.

*ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ*

ಭಿಕ್ಖುಗಳು ಚೀವರ ತೊಡುವಾಗ ಒಂದು ಪ್ರತ್ಯವೇಕ್ಷಣೆ ಮಾಡುತ್ತಾರೆ. ಈ ಬಟ್ಟೆ ಚಳಿ, ಬಿಸಿಲು, ಸೊಳ್ಳೆ, ಗಾಳಿಯಿಂದ ಕಾಪಾಡಿಕೊಳ್ಳಲು, ಮಾನ ಮುಚ್ಚಿಕೊಳ್ಳಲು ಎಂದು ಅದರ ಉಪಯೋಗವನ್ನು ನೆನೆಯುತ್ತಾರೆ. ಅನ್ನ, ವಸತಿ, ಔಷಧಿಗೂ ಹೀಗೆಯೇ. ನಮ್ಮ ಕಾಲಕ್ಕೆ ಫೋನನ್ನೂ ಈ ಸಾಲಿಗೆ ಸೇರಿಸಿಕೊಳ್ಳೋಣ.

1️⃣ *ಯಾತಕ್ಕೆ?* ಮುಂದಿನ ಮೂರು ವರ್ಷ ಈ ಫೋನಿನಿಂದ ನಾನು ಮಾಡುವ ಕೆಲಸಗಳೇನು? ಕಾಗದದ ಮೇಲೆ ಬರೆಯಿರಿ. ಅದಕ್ಕೆ ಬೇಕಾದ ಬ್ಯಾಟರಿ, ಮೆಮೊರಿ, ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ ಎಂಬುದನ್ನು ವಿಚಾರಿಸಿ. ಪಟ್ಟಿ ಇಲ್ಲದೆ ಅಂಗಡಿಗೆ ಹೋದರೆ ಅಂಗಡಿಯವರ ಪಟ್ಟಿಯೇ ನಮ್ಮದಾಗುತ್ತದೆ.

2️⃣ *ಯಾರ ಕಣ್ಣಿಗೆ?* ಯಾರೂ ನೋಡದಿದ್ದರೂ ಇದೇ ಬೇಕಿತ್ತೇ? ಈ ಫೋನಿನ ಮೇಲೆ ಕಂಪನಿಯ ಹೆಸರೇ ಇಲ್ಲದಿದ್ದರೂ ಈ ಬೆಲೆ ಕೊಡುತ್ತಿದ್ದೆನೇ?

3️⃣ *ಯಾರ ಬೆವರು?* 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹349 ಇತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಐಫೋನ್ 16ರ ಆರಂಭದ ಬೆಲೆ ₹79,900. ಭಾಗಿಸಿ ನೋಡಿ, 229 ದಿನದ ಕೂಲಿ. ಒಂದು ಕುಟುಂಬಕ್ಕೆ ವರ್ಷಕ್ಕೆ ಖಾತ್ರಿ ಇದ್ದದ್ದೇ 100 ದಿನ. ಒಂದು ಅಕ್ಕಿ ಕಾಳೂ ಕೊಳ್ಳದೆ ಎರಡು ವರ್ಷ ದುಡಿದರೂ ಸಾಲದು. ಫೋನು ಜೋಡಿಸುವ ಕೈಗಳ ಕಥೆಯೂ ಇದೆ. 2020ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ನರಸಾಪುರದ ಐಫೋನ್ ಜೋಡಣೆ ಕಾರ್ಖಾನೆಯಲ್ಲಿ ದೊಡ್ಡ ಗಲಾಟೆಯಾದದ್ದು ಸಂಬಳದ ವಿಷಯಕ್ಕೇ. ಬೆಲೆಯ ಚೀಟಿಯಲ್ಲಿ ಈ ಬೆವರು ಕಾಣುವುದಿಲ್ಲ.

4️⃣ *ಬೇರೆ ದಾರಿ ಇದೆಯೇ?* ಬ್ಯಾಟರಿ ಬದಲಿಸಿದರೆ ಹಳೆಯದೇ ಇನ್ನೊಂದು ವರ್ಷ ನಡೆಯಬಹುದು. ಆರು ತಿಂಗಳು ಕೂಡಿಟ್ಟು ನಗದಿಗೆ ಕೊಳ್ಳಬಹುದು. ಸೆಕೆಂಡ್ ಹ್ಯಾಂಡ್ ಆದರೆ *#06# ಒತ್ತಿ ಐಎಂಇಐ ಸಂಖ್ಯೆ ನೋಡಿ, ಕೇಂದ್ರ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಪರೀಕ್ಷಿಸಿ. ಕಳವಾದದ್ದೆಂದು ದೂರಿರುವ ಫೋನಾದರೆ ಬ್ಲಾಕ್ ಆಗಿರುವುದು ಅಲ್ಲೇ ತಿಳಿಯುತ್ತದೆ. ಬಿಲ್ಲು ಇಲ್ಲದೆ ಕೊಳ್ಳಬೇಡಿ.

ಈಗಾಗಲೇ ಸಾಲ ಮಾಡಿದ್ದರೆ ಬಚ್ಚಿಡಬೇಡಿ. ಒಂದು ಕಂತು ತಪ್ಪಿದ ದಿನವೇ ಮನೆಯಲ್ಲಿ ಹೇಳಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಹೆದರಿಕೊಂಡು ಇನ್ನೊಂದು ಆ್ಯಪ್‌ನಲ್ಲಿ ಸಾಲ ಎತ್ತಿ ಇದನ್ನು ಕಟ್ಟಲು ಹೋಗಬೇಡಿ.

*ನಮ್ಮ ಜಿಲ್ಲೆಯ ಬಂಡೆ ಹೇಳುವುದು*

ನಮ್ಮದೇ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಸಾಮ್ರಾಟ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಅಲ್ಲಿ ಅಶೋಕ ಹೇಳುವ ಒಂದು ಸಂಗತಿ: ಈ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದಲ್ಲ, ಪ್ರಯತ್ನಪಟ್ಟರೆ ಚಿಕ್ಕವರೂ ಪಡೆಯಬಹುದು. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು ಎಂದೂ ಅಲ್ಲೇ ಇದೆ. ಒಬ್ಬ ಚಕ್ರವರ್ತಿ ಬಂಡೆಯ ಮೇಲೆ ಬರೆಸಿದ ದೊಡ್ಡತನದ ಅಳತೆ ಇದು. ಕೈಯಲ್ಲಿ ಏನಿದೆ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ.

*ಕೊನೆಯ ಮಾತು, ನನ್ನ ತಪ್ಪು*

ಲೆಕ್ಕ ಮುಗಿದ ಮೇಲೆ ಹುಡುಗನನ್ನು ಇನ್ನೊಂದು ಕೇಳಿದೆ. "ನಾಚಿಕೆ ಅಂದೆಯಲ್ಲ, ಯಾವತ್ತು ಶುರುವಾಯ್ತು?"

ಅವನು ತಲೆ ತಗ್ಗಿಸಿದ. "ನಾಮಕರಣದ ದಿನ ಮಾವ. ನೀವೇ ಅಂದ್ರಲ್ಲ, ಏನೋ ಇನ್ನೂ ಇದೇ ಡಬ್ಬಾ ಇಟ್ಕೊಂಡಿದೀಯಾ ಅಂತ. ಎಲ್ಲರೂ ನಕ್ಕರು."

ನನಗೆ ನೆನಪೇ ಇರಲಿಲ್ಲ. ತಮಾಷೆಗೆ ಅಂದಿದ್ದೆ. ಸಮ್ಮಾ ವಾಚಾ ಕುರಿತು ಬಳಗದಲ್ಲಿ ಎಷ್ಟು ಸಲ ಮಾತಾಡಿದ್ದೇನೋ! ಕಂಪನಿಯ ಜಾಹೀರಾತು, ಅಂಗಡಿಯವರ ಮಾತು ಎಲ್ಲಾ ಆಮೇಲಿನದು. ಮೊದಲ ಮೆಟ್ಟಿಲು ಹತ್ತಿಸಿದವನು ಸೋದರಮಾವನೇ. ಮದುವೆಗೆ ಸಾಲ ಮಾಡಿ ಶಾಮಿಯಾನ ಹಾಕಿಸುವವರು, ಗಾಡಿಯ ಬೆಲೆ ಕೇಳಿ ಮನುಷ್ಯನಿಗೆ ಕುರ್ಚಿ ಕೊಡುವವರು ನಾವು. ಮಕ್ಕಳು ನಮ್ಮನ್ನು ನೋಡಿಯೇ ಕಲಿತದ್ದು.

ಬಾಕಿ ಕಂತಿನಲ್ಲಿ ಅರ್ಧ ನಾನು ಕಟ್ಟಿದೆ, ಅದು ನನ್ನ ಪಾಲು ಎಂದು. ಉಳಿದದ್ದನ್ನು ಹುಡುಗ ರಜೆಯಲ್ಲಿ ದುಡಿದು ತೀರಿಸಿದ. ಸಾಲ ಮುಗಿದ ಪತ್ರ ಅಕ್ಕನ ಟ್ರಂಕಿನಲ್ಲಿದೆ. ಹಸು ಇನ್ನೂ ಬಂದಿಲ್ಲ. ಸಿಬಿಲ್ ಸರಿಯಾಗಲು ಸಮಯ ಬೇಕಂತೆ.

*ಇಂದಿನ ಅಭ್ಯಾಸ*

🌿 ಯುವಕರು: ಹೊಸ ಫೋನು ಕಂಡು ಒಳಗೆ ಚುರುಕ್ ಅಂದಾಗ ಮೂರು ಉಸಿರು ಗಮನಿಸಿ. ಅದು ಆಸೆಯೋ ನಾಚಿಕೆಯೋ ಹೆಸರಿಟ್ಟು ನೋಡಿ. ಅಂಗಡಿಯಲ್ಲಿ ಇಷ್ಟವಾದರೂ ಅವತ್ತೇ ಸಹಿ ಹಾಕಬೇಡಿ, ಒಂದು ರಾತ್ರಿ ಕಳೆಯಲಿ.

🌿 ಹಿರಿಯರು: ಇವತ್ತಿನಿಂದ ಯಾರ ಫೋನಿನ ಬೆಲೆಯನ್ನೂ ಕೇಳಬೇಡಿ, ಯಾರ ಫೋನನ್ನೂ ಆಡಿಕೊಳ್ಳಬೇಡಿ.

🌿 ಎಲ್ಲರೂ: ಈ ಸಂದೇಶ ಓದುತ್ತಿರುವ ಫೋನನ್ನೇ ಕೈಯಲ್ಲಿ ಹಿಡಿದು ಒಮ್ಮೆ ಕೇಳಿಕೊಳ್ಳಿ: ಇದು ಯಾತಕ್ಕೆ?

ಎಲ್ಲರೂ ಋಣಮುಕ್ತರಾಗಲಿ, ಭಯಮುಕ್ತರಾಗಲಿ. ಎಲ್ಲರಿಗೂ ಮಂಗಳವಾಗಲಿ.

ಸಾಧು! ಸಾಧು! ಸಾಧು! 🙏